ಮಾಸ್ತಿಯಮ್ಮ ಮಂಜಿಯ ಹಾಯಿ

ಹಾಯಿ ಎಂದ ಕೂಡಲೇ ನಿಮ್ಮ ತಲೆಯೊಳಗೆ ಒಂದು ಬಿಳಿ ತ್ರಿಕೋನ ಏಳುತ್ತದೆ, ನನಗೆ ಗೊತ್ತು. ಯಾವುದೋ ಕ್ಯಾಲೆಂಡರಿನಲ್ಲಿ ನೋಡಿದ್ದು. ಅದನ್ನು ಮೊದಲು ತೆಗೆದುಹಾಕಿ. ನಾನೂ ಹಾಯಿಯೇ, ಆದರೆ ನನ್ನ ಬಣ್ಣ ಒಣಗಿದ ರಕ್ತದ್ದು. ಮೈತುಂಬ ತೇಪೆ, ಬೂತಾಯಿ ಮೀನಿನ ವಾಸನೆ. ಮಧ್ಯದಲ್ಲಿ ಒಂದು ನೀಲಿ ಮೀನಿನ ಅರ್ಧ ಮುಖ ಇದೆ, ಕಪ್ಪು ಕನ್ನಡಕ ಹಾಕಿಕೊಂಡು ನಗುತ್ತಿದೆ. ಆ ನಗು ನನ್ನದಲ್ಲ. ಅದು ಎಲ್ಲಿಂದ ಬಂತು ಎಂದು ಹೇಳಲಿಕ್ಕೇ ಬಾಯಿ ತೆರೆದಿದ್ದೇನೆ.

ನಾನು ಹುಟ್ಟಿದ್ದು ಕಂಚಿಕೋಡಿ ಬಂದರಿನಲ್ಲಿ, ಹೊಳೆ ಹೋಗಿ ಸಮುದ್ರ ಸೇರುವ ಮರಳದಿಣ್ಣೆಯ ಮೇಲೆ. ಹೊಲಿದವನು ಪುರ್ಸ ಖಾರ್ವಿ. ಅವನಿಗೆ ಅಂಗಡಿ ಇರಲಿಲ್ಲ, ಬೋರ್ಡು ಇರಲಿಲ್ಲ. ತೆಂಗಿನ ಮಡಲಿನ ಚಪ್ಪರ, ಒಂದು ಡಬ್ಬಣ, ಅಂಗೈಗೆ ಕಟ್ಟಿಕೊಳ್ಳಲು ಒಂದು ತುಂಡು ಚರ್ಮ ಇದ್ದವು. ದಪ್ಪ ಹತ್ತಿ ಬಟ್ಟೆಯ ಇಪ್ಪತ್ತೆರಡು ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಹದಿನೆಂಟು ದಿನ ಹೊಲಿದ. ಚಪ್ಪರದಲ್ಲಿ ನನಗೆ ಜಾಗ ಸಾಲದೆ ಅರ್ಧ ಮೈ ಹೊರಗೆ ಬಿಸಿಲಿನಲ್ಲಿ ಬಿದ್ದಿರುತ್ತಿತ್ತು. ಅವನು ನನ್ನ ಮೇಲೆಯೇ ಕೂತು ಹೊಲಿಯುತ್ತಿದ್ದ, ನನ್ನ ಮೇಲೆಯೇ ಗಂಜಿ ಉಣ್ಣುತ್ತಿದ್ದ, ಬೇಸರ ಬಂದರೆ ನನ್ನನ್ನೇ ಬೈಯುತ್ತಿದ್ದ. ಕೆಳಗಿನಿಂದ ನೋಡಿದರೆ ಅವನ ಗಡ್ಡ ಮತ್ತು ಮೂಗಿನ ಹೊಳ್ಳೆ ಮಾತ್ರ ಕಾಣುತ್ತಿತ್ತು. ನನಗೆ ಅದೇ ಅಪ್ಪನ ಮುಖ.

ಹೊಲಿದು ಮುಗಿದ ಮೇಲೆ ದೊಡ್ಡ ಹಂಡೆಯಲ್ಲಿ ಮತ್ತಿಮರದ ತೊಗಟೆ ಬೇಯಿಸಿ ಆ ಕೆಂಪು ನೀರಿನಲ್ಲಿ ನನ್ನನ್ನು ಅದ್ದಿದರು. ಮೂರು ಸಲ ಅದ್ದಿದರು, ಮೂರು ಸಲ ಒಣಗಿಸಿದರು. ನನ್ನನ್ನು ಕೊಂಡೊಯ್ಯಲು ಬಂದಿದ್ದ ಬುಡಾನ್ ತಾಂಡೇಲ ಹಂಡೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ತಾಂಡೇಲ ಎಂದರೆ ಹಡಗಿನ ಯಜಮಾನನಲ್ಲ, ಹಡಗನ್ನು ನಡೆಸುವವನು. ಆಗ ಅವನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ.

"ಬೆಳಿ ಇದ್ರೇ ಚಂದ ಇತ್ತಲ್ದಾ ಪುರ್ಸಣ್ಣ?" ಎಂದ.

"ಚಂದ ಬೇಕಾರೆ ಮದಿ ಮನಿಗೆ ಹೋಗ್, ಅಲ್ಲಿ ಬೆಳಿ ಸೀರಿ ಉಟ್ಕಂಡವ್ರ್ ಇರ್ತ್ರ್," ಎಂದ ಪುರ್ಸ. "ಬೆಳಿ ಹಾಯಿ ಎರಡ್ ಮಳಿಗೆ ಕೊಳಿತ್ತ್. ಇದ್ ನೀ ಮುದ್ಕ ಆಪ್ತನ್ಕ ಬತ್ತ್, ಕಾಣ್."

ಹಾಗೆ ನಾನು ಮಾಸ್ತಿಯಮ್ಮ ಎಂಬ ಮಂಜಿಯ ಕೂವೆಕಂಬ ಏರಿದೆ. ಮಂಜಿ ಎಂದರೆ ಸರಕು ಹೊರುವ ಮರದ ಹಾಯಿಹಡಗು. ಈಗಿನವರಿಗೆ ಇದನ್ನೂ ಹೇಳಬೇಕು. ಹಂಚಿನ ಕಾರ್ಖಾನೆಗಳ ಹಂಚನ್ನು ಹೊಟ್ಟೆ ತುಂಬಿಸಿಕೊಂಡು ನಾವು ಲಕ್ಷದ್ವೀಪಕ್ಕೆ ಹೋಗುತ್ತಿದ್ದೆವು. ತೆಂಗಿನಕಾಯಿ, ಹುರಿಹಗ್ಗ ತುಂಬಿಕೊಂಡು ಬರುತ್ತಿದ್ದೆವು. ಆ ದ್ವೀಪಗಳಲ್ಲಿ ಎಷ್ಟು ಮನೆಗಳಿಗೆ ನಾನು ಸೂರು ಹೊತ್ತು ಹಾಕಿದ್ದೇನೋ, ಲೆಕ್ಕ ಇಟ್ಟವರಿಲ್ಲ.

ಆ ದಿನಗಳ ಒಂದು ಕೆಲಸವನ್ನು ಹೇಳಲೇಬೇಕು. ಬೇಸಗೆಯ ಬೆಳಿಗ್ಗೆ ನೆಲದ ಕಡೆಯಿಂದ ಮೂಡಗಾಳಿ ಬೀಸುತ್ತದೆ. ಮಧ್ಯಾಹ್ನದ ಮೇಲೆ ಸಮುದ್ರದಿಂದ ಪಡುಗಾಳಿ ಬರುತ್ತದೆ. ನಡುವೆ ಒಂದೆರಡು ತಾಸು ಗಾಳಿ ಸತ್ತೇ ಹೋಗುತ್ತದೆ. ಇದ್ದರೂ ಬೆಕ್ಕಿನ ಉಸಿರಿನಷ್ಟು. ಆಗ ಬುಡಾನ್ ಕೂಗುತ್ತಿದ್ದ: "ಹಾಯಿಗ್ ನೀರ್ ಕೊಡಿ!" ಆಳುಗಳು ಮರದ ಮರಿಗೆಯಲ್ಲಿ ಸಮುದ್ರದ ನೀರು ಎತ್ತಿ ನನ್ನ ಮೈಗೆ ಎರಚುತ್ತಿದ್ದರು. ಹತ್ತಿ ನೀರು ಕುಡಿದರೆ ಬಿಗಿಯಾಗುತ್ತದೆ, ನೂಲು ನೂಲಿನ ನಡುವಿನ ಕಂಡಿ ಮುಚ್ಚುತ್ತದೆ, ಸೋರಿಹೋಗುವ ಗಾಳಿ ನಿಲ್ಲುತ್ತದೆ. ಬೇರೆ ಹಡಗುಗಳು ನಿಂತಲ್ಲೇ ನಿಂತಿರುವಾಗ ನಾವು ಮೆಲ್ಲಗೆ ಹೊರಡುತ್ತಿದ್ದೆವು. ಆ ತಣ್ಣೀರು ಮೈಮೇಲೆ ಬಿದ್ದು ನಾನು ಸೆಟೆದು ನಿಲ್ಲುತ್ತಿದ್ದ ಹೊತ್ತು ಇದೆಯಲ್ಲ, ನನ್ನ ಜನ್ಮದಲ್ಲಿ ಸುಖ ಎಂಬುದು ಇದ್ದರೆ ಅದೇ.

ಆಮೇಲೆ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ದ್ವೀಪಕ್ಕೆ ಇಂಜಿನ್ ಹಡಗು, ತಗಡಿನ ಶೀಟು, ಸಿಮೆಂಟು ಹೋಗತೊಡಗಿದವು. ಮಾಸ್ತಿಯಮ್ಮನ ಯಜಮಾನ ತೀರಿಕೊಂಡ. ಅವನ ಮಕ್ಕಳು ಹಡಗಿನ ಕಡೆ ತಲೆಹಾಕಲಿಲ್ಲ. ಹೆಂಡತಿಯಿಲ್ಲದ ಬುಡಾನ್ ಹಡಗಿನಲ್ಲೇ ಉಳಿದುಬಿಟ್ಟ. ಹೊಳೆಬಾಯಿಯ ಕೆಸರಿಗೆ ಅದನ್ನು ಕಟ್ಟಿ, ಅಲ್ಲೇ ಅಡುಗೆ, ಅಲ್ಲೇ ನಮಾಜು, ಅಲ್ಲೇ ನಿದ್ದೆ. ನನ್ನನ್ನು ಬಿಚ್ಚಿ ಮಡಚಿ ಹಡಗಿನ ಹೊಟ್ಟೆಯೊಳಗೆ ಇಟ್ಟ. ಹೆಗ್ಗಣ ನನ್ನ ಒಂದು ಮೂಲೆ ತಿಂದಿತು.

ಒಂದು ದಿನ ಮೀನು ಒಣಗಿಸುವ ಜಲಜಕ್ಕ ಬಂದು, ಮೀನಿನ ಅಡಿಗೆ ಹಾಸಲು ನನ್ನನ್ನು ಕೊಡಿ ಎಂದು ಕೇಳಿದಳು. ಮರಳಿನ ಮೇಲೆ ಒಣಗಿಸಿದ ಮೀನನ್ನು ಯಾರೂ ಕೊಳ್ಳುವುದಿಲ್ಲವಂತೆ, ಹಲ್ಲಿಗೆ ಮರಳು ಸಿಗುತ್ತದಂತೆ. ಬುಡಾನ್ ನನ್ನನ್ನು ಹೊರಗೆ ಎಳೆದು, "ಹೆಗ್ಣ ತಿಂಬುಕಿಂತ ನೀನ್ ತಕಂಡ್ ಹೋಪುದ್ ಒಳ್ಳೇದ್," ಎಂದ. ಒಂಬತ್ತು ವರ್ಷ ನಾನು ದಿಣ್ಣೆಯ ಮೇಲೆ ಮಲಗಿ ಬೂತಾಯಿ ಹೊತ್ತೆ. ಹದ್ದು, ಕಾಗೆ, ಜಲಜಕ್ಕನ ಬೈಗುಳ. ಹಾಯಿಯಾಗಿ ಹುಟ್ಟಿದ್ದಕ್ಕೆ ಅವಮಾನ ಆಗಲಿಲ್ಲವೇ ಎಂದು ಕೇಳುವವರು ಕೇಳಲಿ. ಆಗಲಿಲ್ಲ. ಅವಳು ದಿನಾ ಸಂಜೆ ನನ್ನನ್ನು ಕೊಡವಿ ಮಡಚುತ್ತಿದ್ದಳು, ಹರಿದಲ್ಲಿ ತೇಪೆ ಹಾಕುತ್ತಿದ್ದಳು. ಕೆಲಸದ ಬಟ್ಟೆಗೆ ಸಿಗಬೇಕಾದ ಮರ್ಯಾದೆ ನನಗೆ ಸಿಗುತ್ತಿತ್ತು.

ಒಂಬತ್ತನೆಯ ವರ್ಷದ ಬೇಸಗೆಗೆ ಹಬ್ಬ ಬಂತು. ನಮ್ಮ ಊರದೇವತೆ ಮಾಸ್ತಿಯಮ್ಮನ ಹಬ್ಬವಲ್ಲ, ದರ್ಗಾದ ಉರುಸೂ ಅಲ್ಲ. ಕಡಲ ಹಬ್ಬವಂತೆ. ಬಡಗಿನಿಂದ ತೆಂಕಿಗೆ ನಾಲ್ಕು ಬಂದರು, ನಾಲ್ಕು ವಾರ, ನಾಲ್ಕು ಹಾಯಿ ಪಂದ್ಯ. ದೂರದೇಶದಿಂದ ಮೂರು ಕಂಬದ ಬಿಳಿ ಹಡಗೊಂದು ಊರೂರಿಗೆ ಬಂದು ಲಂಗರು ಹಾಕಿ ನಿಲ್ಲುತ್ತದೆ, ಜನ ದೋಣಿಯಲ್ಲಿ ಹೋಗಿ ಫೋಟೋ ಹೊಡೆಸಿಕೊಳ್ಳಬಹುದು. ನಮ್ಮ ಕರಾವಳಿಯ ಹಳೆಯ ಮರದ ಹಡಗುಗಳು ಪಂದ್ಯದಲ್ಲಿ ಓಡುತ್ತವೆ. ಮೊದಲ ಮೂರು ಪಂದ್ಯ ಬರೀ ನೋಟಕ್ಕೆ. ನಾಲ್ಕನೆಯದು ಕಂಚಿಕೋಡಿಯಲ್ಲಿ. ಅದರಲ್ಲಿ ಗೆದ್ದ ಒಂದು ಹಡಗನ್ನು ಹೊಸ ಜೆಟ್ಟಿಯಲ್ಲಿ ಶಾಶ್ವತವಾಗಿ ಇಡುತ್ತಾರೆ, ಅದರ ತಾಂಡೇಲ ಅದರಲ್ಲೇ ಇರಬಹುದು. ಹೊಳೆಬಾಯಿಯಲ್ಲಿ ಕಟ್ಟಿಹಾಕಿರುವ ಉಳಿದ ಹಳೆ ಹಡಗುಗಳನ್ನೆಲ್ಲ ಮಳೆಗಾಲದ ಮೊದಲು ಒಡೆದು ಜಾಗ ತೆರವು ಮಾಡುತ್ತಾರೆ. ಈ ಕೊನೆಯ ಸಾಲು ನೋಟೀಸಿನ ತಳದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಆ ನೋಟೀಸನ್ನು ಮಾಸ್ತಿಯಮ್ಮನ ಮೈಗೇ ಅಂಟಿಸಿ ಹೋಗಿದ್ದರು.

ಬುಡಾನ್ ದಿಣ್ಣೆ ಹತ್ತಿ ಜಲಜಕ್ಕನ ಹತ್ತಿರ ಬಂದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಹ್ವಾಯ್ ಬುಡಾನ್ ಸಾಯ್ಬ್ರೆ, ಏನ್ ದಾರಿ ತಪ್ತಾ?"

"ಹಾಯಿ ಬೇಕಿತ್ತ್ ಜಲಜಕ್ಕ."

"ಹಾಯಿಯಾ? ಇದ್ ನನ್ ಚಾಪಿ ಮಾರಾಯ್ರೆ. ಮೇಲ್ ಮೀನ್ ಒಣ್ಗುದ್ ಕಾಣ್ತಿಲ್ಯಾ?"

"ಪಂದ್ಯ ಇತ್ತ್. ಗೆದ್ರೆ ಮಂಜಿ ಉಳಿತ್ತ್. ಇಲ್ದಿರೆ ಒಡಿತ್ರಂಬ್ರ್."

"ಯಾರ್ ಒಡುದ್?"

"ಹಬ್ಬದವ್ರ್."

"ಹಬ್ಬ ಮಾಡುಕ್ ಬಂದವ್ರ್ ಎಂತಕ್ಕೆ ಒಡಿತ್ರ್?" ಎಂದಳು. ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಹೇಳಿ.

ಜಲಜಕ್ಕ ಅರ್ಧ ಒಣಗಿದ ಮೀನನ್ನೆಲ್ಲ ಮರಳಿಗೆ ಸುರಿದಳು. "ತಕಣಿ. ನನ್ಗೂ ಇಲ್ಲಿಂದ ಏಳ್ ಅಂದಿರ್. ಹಬ್ಬಕ್ ಬಂದವ್ರಿಗೆ ವಾಸನಿ ಆತ್ತಂಬ್ರ್. ಉಂಬತಿಗ್ ಮಾತ್ರ ವಾಸನಿ ಆತಿಲ್ಲ." ನನ್ನನ್ನು ಸುತ್ತಿ ಬುಡಾನನ ಹೆಗಲಿಗೆ ಇಡುವಾಗ, "ಗೆದ್ಕಂಡೇ ಬನ್ನಿ. ಸೋತ್ರೆ ನನ್ ಮೀನಿನ್ ಶಾಪ ತಟ್ಟುತ್," ಎಂದು ನಕ್ಕಳು.

ಬುಡಾನ್ ತನ್ನ ಹಳೆಯ ಜೊತೆಗಾರ ಲಚ್ಚನನ್ನು ಕರೆತಂದ. ಲಚ್ಚನಿಗೆ ಒಂದು ಕಣ್ಣು ಮಂಜು. ಇನ್ನೂ ನಾಲ್ಕು ಜನ ಮುದುಕರು ಸಿಕ್ಕಿದರು. ಹದಿನೈದು ದಿನ ಹಡಗಿನ ಸಂದುಗಳಿಗೆ ಹತ್ತಿ ತುರುಕಿ, ಎಣ್ಣೆ ಬಳಿದು, ನನ್ನ ತೇಪೆಗಳ ಮೇಲೆ ತೇಪೆ ಹಾಕಿದರು. ಪುರ್ಸ ಬದುಕಿರಲಿಲ್ಲ. ಬುಡಾನನೇ ಡಬ್ಬಣ ಹಿಡಿದ. ಅವನ ಹೊಲಿಗೆ ಓರೆಕೋರೆ, ಆದರೆ ಬಿಗಿ.

ಮೊದಲ ಬಂದರಿನಲ್ಲಿ ಏಳು ಹಡಗುಗಳಲ್ಲಿ ನಾವು ಐದನೆಯವರು. ಎರಡನೆಯದರಲ್ಲಿ ಎರಡನೆಯವರು. ಮೂರನೆಯ ಬಂದರಿನಲ್ಲಿ ಮಧ್ಯಾಹ್ನ ಗಾಳಿ ಸತ್ತಾಗ ಬುಡಾನ್ ಹಳೆಯ ಕೂಗು ಕೂಗಿದ, ನಾನು ನೀರು ಕುಡಿದೆ, ಗೆದ್ದೆವು. ದಡದಲ್ಲಿ ಬ್ಯಾಂಡು ಬಾರಿಸುತ್ತಿದ್ದರು. ಆ ಸಂಜೆ ಬಿಳಿ ಹಡಗಿನ ಒಬ್ಬ ಮುದಿ ನಾವಿಕ ನಮ್ಮಲ್ಲಿಗೆ ಬಂದ. ಭಾಷೆ ಬಾರದು. ನನ್ನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದ, ಮೂಸಿದ, ಮೀನಿನ ವಾಸನೆಗೆ ಮುಖ ಸಿಂಡರಿಸಿ ಆಮೇಲೆ ಗಟ್ಟಿಯಾಗಿ ನಕ್ಕ. ಲಚ್ಚನೂ ನಕ್ಕ. ನಾಲ್ಕು ವಾರದ ಹಬ್ಬದಲ್ಲಿ ನನ್ನನ್ನು ಮುಟ್ಟಿ ನೋಡಿದ ಪರವೂರಿನವನು ಅವನೊಬ್ಬನೇ. ಉಳಿದವರೆಲ್ಲ ನನಗೆ ಬೆನ್ನು ಹಾಕಿ ನಿಂತು ತಮ್ಮ ಫೋಟೋ ತೆಗೆದುಕೊಂಡರು.

ನಮಗೆ ಎದುರಾಳಿ ಎಂದರೆ ಒಂದೇ. ಹಬ್ಬದ ಸಮಿತಿಯವರಿಗೆ ಬೇಕಾದ ಹೋಟೆಲಿನವರು ಹೊಸದಾಗಿ ಕಟ್ಟಿಸಿದ ಹಡಗು. ಒಳಗೆ ಫೈಬರ್, ಮೇಲೆ ಮರದ ಹಲಗೆ ಅಂಟಿಸಿದ್ದು, ಹಾಯಿ ಪಾಲಿಯೆಸ್ಟರಿನದ್ದು. ಅದು ಒಂದು ಹಂಚನ್ನೂ ಹೊತ್ತದ್ದಲ್ಲ. ಅದನ್ನು ಹಳೆಯ ಹಡಗುಗಳ ಪಂದ್ಯಕ್ಕೆ ಹೇಗೆ ಸೇರಿಸಿಕೊಂಡಿರಿ ಎಂದು ಲಚ್ಚ ಕೇಳಿದ್ದಕ್ಕೆ, "ಡಿಸೈನ್ ಹಳೇದು ಅಲ್ವಾ," ಎಂದಿದ್ದರು.

ಕೊನೆಯ ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಸಮಿತಿಯ ನಿಶಾಂತ ಎಂಬವನು ಬಂದ. ಕುತ್ತಿಗೆಗೆ ಕಾರ್ಡು, ಕೈಯಲ್ಲಿ ವಾಕಿಟಾಕಿ. ಹಿಂದೆ ಬೋರ್ಡು ಬರೆಯುವ ರಘುಪತಿ, ನೀಲಿ ಬಣ್ಣದ ಡಬ್ಬ ಹಿಡಿದುಕೊಂಡು.

"ಸರ್, ನಾಳೆ ಟೀವಿಯವರು ಬರ್ತಾರೆ. ಎಲ್ಲಾ ಹಾಯಿ ಮೇಲೂ ಹಬ್ಬದ ಗುರುತು ಇರ್ಬೇಕು."

"ಹಾಯಿ ಮೇಲೆ ಬಣ್ಣ ಬಳುಕಾಗ," ಎಂದ ಬುಡಾನ್.

"ಯಾಕಾಗಲ್ಲ? ಬಟ್ಟೆ ತಾನೇ?"

"ಉಸ್ರಾಟ ಇಪ್ಪು ಬಟ್ಟಿ ಇದ್. ಬಣ್ಣ ಹೊಡದ್ರೆ ಕಲ್ಲ್ ಆತ್ತ್. ಬೇಕಾರೆ ಹಡ್ಗಿನ ಮೈಗೆ ಬಳಿನಿ, ನನ್ ಮುಖಕ್ಕೆ ಬಳಿನಿ."

"ಸರ್, ರೂಲ್ ಅಂದ್ರೆ ರೂಲ್. ಗುರುತಿಲ್ಲದ ಹಡಗನ್ನ ಲೈನಿಗೆ ಬಿಡಲ್ಲ. ನೀವೇ ಹೇಳಿ, ಬರ್ತೀರೋ ಬೇಡ್ವೋ?"

ಲಚ್ಚ ಅವನನ್ನು ನೀರಿಗೆ ತಳ್ಳಲು ಎದ್ದ. ಬುಡಾನ್ ಕೈ ಅಡ್ಡ ಇಟ್ಟ. ಅಷ್ಟು ವರ್ಷಗಳಲ್ಲಿ ಬುಡಾನ್ ತಲೆ ತಗ್ಗಿಸಿದ್ದನ್ನು ನಾನು ಮೊದಲ ಸಲ ಕೆಳಗಿನಿಂದ ನೋಡಿದೆ. ಕೆಳಗೆ ಮಲಗಿದವರಿಗೆ ತಗ್ಗಿದ ಮುಖವೇ ಸರಿಯಾಗಿ ಕಾಣುತ್ತದೆ, ಏನು ಮಾಡುವುದು.

ರಘುಪತಿ ನನ್ನ ನಡುಭಾಗಕ್ಕೆ ಬಣ್ಣ ಬಳಿದ. ಆಳೆತ್ತರದ ಮೀನು, ಅದಕ್ಕೆ ಕಪ್ಪು ಕನ್ನಡಕ, ಬಾಯ್ತುಂಬ ಹಲ್ಲು. ನನ್ನ ಕೆಂಪು ಬಣ್ಣ ಇಣುಕುತ್ತದೆಂದು ಮೂರು ಕೈ ಹೊಡೆದ. ಗೋಡೆಗೆ, ತಗಡಿಗೆ ಹೊಡೆಯುವ ಎಣ್ಣೆಬಣ್ಣ. "ನಾನೆಂತ ಮಾಡ್ಲಿ ಸಾಯ್ಬ್ರೆ, ಹೇಳದ್ದ್ ಬರಿತೆ," ಎಂದ, ತಲೆಯೆತ್ತದೆ. ಒಣಗಿದ ಮೇಲೆ ಆ ಭಾಗದಲ್ಲಿ ನನಗೆ ಗಾಳಿ ತಿಳಿಯುತ್ತಿರಲಿಲ್ಲ. ಮೈಯ ಮಧ್ಯೆ ಮರಗಟ್ಟಿದ ಹಾಗೆ.

ಮರುದಿನ ಕಂಚಿಕೋಡಿಯ ದಡ ಕಾಣದಷ್ಟು ಜನ. ಮೂಡಗಾಳಿಗೆ ಏಳೂ ಹಡಗು ಹೊರಟವು. ದೂರದ ಬಂಡೆಗೆ ಸುತ್ತು ಹಾಕಿ ವಾಪಸು ಹೊಳೆಬಾಯಿಗೆ ಬರಬೇಕು. ಬಂಡೆ ಸುತ್ತುವಾಗ ಹೋಟೆಲಿನ ಹಡಗು ಮುಂದೆ, ನಾವು ಅದರ ಬೆನ್ನಿಗೆ. ಅಲ್ಲಿಂದ ತಿರುಗಿದ್ದೇ ಗಾಳಿ ಸತ್ತಿತು. ನೀರು ಎಣ್ಣೆಯ ಹಾಗೆ ಮಲಗಿತು. ಎಲ್ಲ ಹಾಯಿಗಳೂ ಜೋತುಬಿದ್ದವು.

ಬುಡಾನ್ ತಲೆಯೆತ್ತಿ ನನ್ನನ್ನು ನೋಡಿದ. ನನಗೆ ಅವನ ಮನಸ್ಸು ಗೊತ್ತಾಯಿತು. ಲಚ್ಚನಿಗೂ ಗೊತ್ತಾಯಿತು.

"ಬ್ಯಾಡ ಬುಡಾನ್," ಎಂದ ಲಚ್ಚ. "ಬಣ್ಣ ಹೊಡದಲ್ಲಿ ನೀರ್ ಕುಡುದಿಲ್ಲ. ಸುತ್ತ ಬಿಗಿತ್ತ್, ನಡುಕೆ ಬಿಗಿತಿಲ್ಲ. ಹರಿತ್ತ್."

"ಪಡುಗಾಳಿ ಬಪ್ಕೆ ಇನ್ನ್ ಎಷ್ಟ್ ಹೊತ್ತಿತ್ತ್?"

"ಒಂದ್ ತಾಸ್."

"ಗಾಳಿ ಬಂದ್ ಮೇಲೆ ಆ ಪ್ಲಾಸ್ಟಿಕ್ ಹಾಯಿನ ಹಿಡುಕಾತ್ತಾ?"

ಹಿಡಿಯಲು ಆಗುವುದಿಲ್ಲ ಎಂದು ಆರೂ ಜನಕ್ಕೆ ಗೊತ್ತಿತ್ತು. ಮುಂದೆ ಹೋಗುವುದಾದರೆ ಈ ಒಂದು ತಾಸಿನಲ್ಲೇ ಹೋಗಬೇಕು. ನಲವತ್ತು ವರ್ಷ ಯಾವ ಕೂಗು ಅವನನ್ನು ಮನೆಗೆ ಮುಟ್ಟಿಸಿತ್ತೋ ಅದನ್ನೇ ಬುಡಾನ್ ಕೂಗಿದ.

"ಹಾಯಿಗ್ ನೀರ್ ಕೊಡಿ!"

ಮುದುಕರು ನೀರೆತ್ತಿ ಎರಚಿದರು. ನನ್ನ ಕೆಂಪು ಮೈ ನೀರು ಕುಡಿದು ಸೆಟೆಯಿತು. ನೀಲಿ ಮೀನಿನ ಮೇಲೆ ಬಿದ್ದ ನೀರು ಜಾರಿ ಕೆಳಗೆ ಹೋಯಿತು. ಮಾಸ್ತಿಯಮ್ಮ ಮೆಲ್ಲಗೆ ಅಲುಗಿದಳು. ಹೋಟೆಲಿನ ಹಡಗಿನ ಸಮಕ್ಕೆ ಬಂದೆವು, ದಾಟಿದೆವು. ಅದರಲ್ಲಿದ್ದವರು ಎದ್ದು ನಿಂತು ಬಾಯಿಬಿಟ್ಟು ನೋಡಿದರು. ಲಚ್ಚ ಅವರತ್ತ ತಿರುಗಿ ಪಂಚೆ ಎತ್ತಿ ಕಟ್ಟಿ ಕುಣಿದ. "ಕಾಣಿ, ಕಾಣಿ, ಮುದ್ಕಿ ಓಡುದ್ ಕಾಣಿ!" ದಡದ ಗಲಾಟೆ ಕಿವಿಗೆ ಬೀಳತೊಡಗಿತು. ಹೊಳೆಬಾಯಿಯ ಬಾವುಟ ಕಾಣುತ್ತಿತ್ತು.

ನೋವು ಆಗಲೇ ಶುರುವಾಗಿತ್ತು. ಮೀನಿನ ಸುತ್ತ ಎಲ್ಲ ಕಡೆಯಿಂದ ನಾನು ಎಳೆಯುತ್ತಿದ್ದೆ, ಮೀನು ಬಗ್ಗುತ್ತಿರಲಿಲ್ಲ. ಬಣ್ಣ ಮುಗಿದು ಬಟ್ಟೆ ಶುರುವಾಗುವ ಗೆರೆಯಲ್ಲಿ ನೂಲುಗಳು ಒಂದೊಂದಾಗಿ ಕಡಿಯುತ್ತಿದ್ದವು. ಕೂಗಲು ನನಗೆ ಬಾಯಿ ಎಲ್ಲಿದೆ? ಅಲ್ಲಿದ್ದ ಬಾಯಿ ಆ ಮೀನಿನದ್ದು, ಅದು ನಗುತ್ತಿತ್ತು.

ಪಡುಗಾಳಿ ಅರ್ಧ ತಾಸು ಮೊದಲೇ ಬಂತು, ಒಂದೇ ಹೊಡೆತಕ್ಕೆ ಬಂತು. ನಾನು ಮೀನಿನ ಬೆನ್ನಿನ ಗೆರೆಗುಂಟ ಮೇಲಿನಿಂದ ಕೆಳಗೆ ಹರಿದೆ. ಆ ಸದ್ದು ದಡಕ್ಕೂ ಕೇಳಿಸಿತಂತೆ. ಜನ ಅದನ್ನು ಪಟಾಕಿ ಎಂದುಕೊಂಡು ಚಪ್ಪಾಳೆ ತಟ್ಟಿದರಂತೆ.

ಹೋಟೆಲಿನ ಹಡಗು ನಮ್ಮ ಪಕ್ಕದಲ್ಲೇ ಹಾದು ಹೋಯಿತು. ಆಮೇಲೆ ಉಳಿದವೂ ಹೋದವು. ಬುಡಾನ್ ಚುಕ್ಕಾಣಿ ಬಿಡಲಿಲ್ಲ. ಗೆಲ್ಲುವುದಕ್ಕಲ್ಲ, ಮರಳದಿಣ್ಣೆಗೆ ಬಡಿಯದಂತೆ. ಲಚ್ಚ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀರ್ ಕೊಡದಿರೂ ಸೋಲ್ತಿತ್," ಎಂದ. ಬುಡಾನ್, "ಸೋಲ್ತಿತ್. ಹರಿತಿರ್ಲಿಲ್ಲ," ಎಂದ.

ನಾನು ಇಲ್ಲಿ ಒಂದು ಮಾತು ಹೇಳಬೇಕು. ತಪ್ಪು ಬುಡಾನನದ್ದು ಎಂದು ಊರಿನವರು ಆಡಿಕೊಂಡರು, ಇಷ್ಟು ವರ್ಷದ ತಾಂಡೇಲನಿಗೆ ಅಷ್ಟೂ ತಿಳಿಯಲಿಲ್ಲವೇ ಎಂದು. ತಿಳಿದಿತ್ತು. ತಿಳಿದೇ ಮಾಡಿದ. ಬಣ್ಣ ಹೊಡೆಸಿದವನು ಮಾತ್ರ ಏನೂ ತಿಳಿಯದೆ ಮಾಡಿದ, ಸಂಜೆ ವೇದಿಕೆ ಹತ್ತಿ ಶಾಲು ಹೊದೆಸಿಕೊಂಡ. ಮೈಕಿನಲ್ಲಿ ನಮ್ಮ ಪರಂಪರೆ, ನಮ್ಮ ಹೆಮ್ಮೆ ಎಂದೆಲ್ಲ ಹೇಳಿದ. ಫೈಬರ್ ಹಡಗಿಗೆ ಹೂವಿನ ಹಾರ ಬಿತ್ತು. ಬಿಳಿ ಹಡಗು ಮೂರು ಸಲ ಕೂಗಿ ಮರುದಿನ ಹೊರಟುಹೋಯಿತು.

ಒಡೆಯುವವರು ಮೂರನೆಯ ವಾರಕ್ಕೆ ಬಂದರು. ಅವರು ಕೆಟ್ಟ ಜನವಲ್ಲ, ಬಡಗಿನ ಕಡೆಯ ಗುಜರಿಯವರು, ಹೊಟ್ಟೆಪಾಡು. ಮಂಜಿಯನ್ನು ಎಲ್ಲಿಂದ ಬಿಚ್ಚಬೇಕೆಂದು ಅವರಿಗೆ ತಿಳಿಯಲಿಲ್ಲ. ಗರಗಸ ಹಾಕಿದರೆ ಹಲ್ಲು ಮುರಿಯುತ್ತಿತ್ತು. ಅವರ ಮೇಸ್ತ್ರಿ ಬುಡಾನನ ಹತ್ತಿರ ಬಂದು, "ಚಾಚಾ, ಮೊಳೆ ಎಲ್ಲೆಲ್ಲಿ ಇದೆ ಅಂತ ತೋರಿಸ್ತೀರಾ? ಇಲ್ಲಾಂದ್ರೆ ಕೊಡಲಿ ಹಾಕಿ ಚೂರು ಮಾಡ್ಬೇಕಾಗ್ತದೆ," ಎಂದು ಮೆಲ್ಲಗೆ ಕೇಳಿದ. ಬುಡಾನ್ ಹಡಗಿನ ಅಂಚನ್ನು ಒಮ್ಮೆ ಸವರಿದ. ಆಮೇಲೆ ಸೊಂಟಕ್ಕೆ ಪಂಚೆ ಬಿಗಿದು, "ಕೊಡ್ಲಿ ಹಾಕ್ಬ್ಯಾಡಿ. ನಾನ್ ತೋರ್ಸ್ತೆ," ಎಂದ.

ಮೂರು ದಿನ ಅವನೇ ಮುಂದೆ ನಿಂತು ಬಿಚ್ಚಿಸಿದ. ಇಲ್ಲಿ ಹೊಡಿ, ಈ ಹಲಗೆಯ ಹಿಂದೆ ಎರಡಿವೆ, ಅದನ್ನು ತಿರುಗಿಸಿ ಎಳಿ. ನಿದ್ದೆಯಲ್ಲಿ ಅವನು ಬೆನ್ನು ಕೊಟ್ಟಿದ್ದ ಹಲಗೆಗಳು ಒಂದೊಂದಾಗಿ ಕೆಸರಿಗೆ ಬಿದ್ದವು. ಕಿತ್ತ ತಾಮ್ರದ ಮೊಳೆಗಳ ಭಾರಕ್ಕೆ ಗೋಣಿ ತಡೆಯಲಿಲ್ಲ. ಮೇಸ್ತ್ರಿ ಸುತ್ತ ನೋಡಿ, ಮೂಲೆಯಲ್ಲಿ ಮುದುಡಿ ಬಿದ್ದಿದ್ದ ನನ್ನನ್ನು ಎಳೆದು ಹಾಸಿದ. ಹರಿದಲ್ಲಿ ಅಡಿಗೆ ಮಡಚಿ ಎರಡು ಪದರ ಮಾಡಿದ, ಮೀನಿನ ಅರ್ಧ ಮುಖ ಮಡಿಕೆಯೊಳಗೆ ಹೋಯಿತು.

ಮೊಳೆಗಳು ನನ್ನ ಮೇಲೆ ಬೀಳತೊಡಗಿದವು. ಹಸಿರು ಹಿಡಿದ, ಗೇಣುದ್ದದ ಮೊಳೆಗಳು. ಒಂದೊಂದೂ ಟಣ್ ಎನ್ನುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಕೊನೆಯ ಮೊಳೆಯನ್ನು ಬುಡಾನ್ ತಾನೇ ಕಿತ್ತು, ಎಸೆಯದೆ, ಬಗ್ಗಿ ನನ್ನ ಮೇಲೆ ಇಟ್ಟ. ಎದ್ದು ಕೈ ಒರೆಸಿಕೊಂಡು, ಹಿಂದೆ ತಿರುಗಿ ನೋಡದೆ ದಿಣ್ಣೆ ಹತ್ತಿ ಹೋದ. ಅವನ ಕೈಯಲ್ಲಿ ಒಂದು ಚೊಂಬು, ಒಂದು ಚಾಪೆ. ಎಲ್ಲಿಗೆ ಹೋದನೋ ಯಾರೂ ನನಗೆ ಹೇಳಿಲ್ಲ.

ನಾಲ್ಕು ಜನ ನನ್ನ ನಾಲ್ಕು ಮೂಲೆ ಹಿಡಿದರು. "ಹರೀತದೆ ಅಣ್ಣಾ, ಹಳೇದು," ಎಂದ ಒಬ್ಬ. "ಎತ್ತಿ ನೋಡು," ಎಂದ ಮೇಸ್ತ್ರಿ. ಎತ್ತಿದರು. ಒಂದು ಹಡಗಿನ ಅಷ್ಟೂ ಮೊಳೆ ನನ್ನ ಹೊಟ್ಟೆಯಲ್ಲಿತ್ತು. ಲಾರಿಯವರೆಗೆ ನೂರು ಹೆಜ್ಜೆ. ನಾನು ಹರಿಯಲಿಲ್ಲ.

ಈಗ ಗುಜರಿಯ ಹಿಂಬದಿಯಲ್ಲಿ, ತುಕ್ಕು ಹಿಡಿದ ಫ್ಯಾನುಗಳ ಕೆಳಗೆ ಬಿದ್ದಿದ್ದೇನೆ. ಮೊಳೆಗಳನ್ನು ಎಂದೋ ಕರಗಿಸಲು ಒಯ್ದರು. ಇಲ್ಲಿ ಗಾಳಿ ಬರುವುದಿಲ್ಲ. ಬಂದರೂ ನನಗೆ ಅದರಿಂದ ಕೆಲಸವಿಲ್ಲ. ನನ್ನನ್ನು ಕೊರೆಯುವುದು ಪಂದ್ಯದ ದಿನ ಹರಿದದ್ದಲ್ಲ. ಅಂದು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆದರೆ ಆ ನೂರು ಹೆಜ್ಜೆಯಲ್ಲಿ, ಹೊಳೆಯ ಅಂಚಿನಲ್ಲಿ, ನಾನು ಬಾಯಿ ಬಿಟ್ಟು ಹರಿದಿದ್ದರೆ ಮೊಳೆಗಳೆಲ್ಲ ನೀರಿಗೆ ಬೀಳುತ್ತಿದ್ದವು. ಮಾಸ್ತಿಯಮ್ಮ ನಿಂತಿದ್ದ ಕೆಸರಿನಲ್ಲೇ ಅವಳ ಎಲುಬು ಉಳಿಯುತ್ತಿತ್ತು. ಹಬ್ಬದವರ ಹೊಸ ಜೆಟ್ಟಿಯಲ್ಲಿ ಇಳಿಯುವ ಪ್ರತಿಯೊಬ್ಬನ ಕಾಲಿಗೂ ಒಂದೊಂದು ಚುಚ್ಚುತ್ತಿತ್ತು. ಬಿಗಿಯಾಗಿ ಹೊಲಿಸಿಕೊಂಡವನ ಹಣೆಬರಹ ನೋಡಿ: ಯಾರು ಎತ್ತಿದರೂ, ಏನು ತುಂಬಿದರೂ, ತಾಳಿಕೊಂಡುಬಿಟ್ಟೆ.